ವಿಮಾನವೂ ವದಂತಿಯೂ

೧೯೪೨ನೆಯ ಇಸವಿಯ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮದರಾಸು ನಗರ ಬರಿದಾಗತೊಡಗಿತು. ಜಪಾನಿನ ನೌಕಾಪಡೆ ಬಂಗಾಳ ಕೊಲ್ಲಿಯನ್ನು ಹೊಕ್ಕಿದೆ, ಅದರ ವಿಮಾನಗಳು ಯಾವ ಗಳಿಗೆಯಲ್ಲಾದರೂ ಪಟ್ಟಣದ ಮೇಲೆ ಎರಗಬಹುದು ಎಂಬ ಸುದ್ದಿ ಹಬ್ಬಿತ್ತು. ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ. ಏಪ್ರಿಲ್ ೫ರ ಈಸ್ಟರ್ ಭಾನುವಾರದ ಬೆಳಗ್ಗೆ ಕೊಲಂಬೊ ನಗರದ ಮೇಲೆ ಬಾಂಬುಗಳು ಬಿದ್ದಿದ್ದವು. ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳು ಅದೇ ಅನುಭವವನ್ನು ಕಂಡವು. ೯ರಂದು ತ್ರಿಂಕೋಮಲಿಯ ಸರದಿ. ಮದರಾಸಿನ ಸರ್ಕಾರಿ ಕಚೇರಿಗಳು ಒಳನಾಡಿನ ಊರುಗಳಿಗೆ ಸಾಗಿದವು. ಜನರು ರೈಲಿನಲ್ಲಿ, ಗಾಡಿಗಳಲ್ಲಿ, ಕೈಗೆ ಸಿಕ್ಕಿದ ವಾಹನಗಳಲ್ಲಿ ಮನೆಮಠಗಳನ್ನು ಬಿಟ್ಟು ಹೊರಟರು. ಬಾಂಬು ಬಿದ್ದು ಪಂಜರಗಳು ಮುರಿದರೆ ಕ್ರೂರ ಮೃಗಗಳು ಬೀದಿಗೆ ಬಂದಾವೆಂಬ ಅಂಜಿಕೆಯಿಂದ ಅಲ್ಲಿನ ಮೃಗಾಲಯದ ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಮೈಸೂರಿನ ಮೃಗಾಲಯವನ್ನು ನೋಡಿ ಬೆಳೆದ ಮಕ್ಕಳಿಗೆ ಈ ಒಂದು ಸಂಗತಿಯೇ ಅಂದಿನ ಭೀತಿಯ ಆಳವನ್ನು ತಿಳಿಸಲು ಸಾಕು.

ಆ ವಾರ ಮದರಾಸಿನ ಮೇಲೆ ಜಪಾನಿನ ದಾಳಿ ನಡೆಯಲಿಲ್ಲ. ಹಡಗುಗಳು ಪೂರ್ವಕ್ಕೆ ತಿರುಗಿ ಹೊರಟುಹೋದವು. ಸತ್ತ ಪ್ರಾಣಿಗಳು ಮಾತ್ರ ಮರಳಿ ಬರಲಿಲ್ಲ.

ಮೈಸೂರು ಕಡಲಿನಿಂದ ದೂರವಿರುವ ನಗರ. ಮದರಾಸಿಗೂ ಅದಕ್ಕೂ ನೇರವಾಗಿ ಅಳೆದರೂ ಸುಮಾರು ನಾನೂರು ಕಿಲೋಮೀಟರುಗಳ ಅಂತರವಿದೆ. ಯುದ್ಧದ ಆರು ವರ್ಷಗಳಲ್ಲಿ ಅದರ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಆದರೂ ಯುದ್ಧ ಅಲ್ಲಿಗೆ ಬಾರದೆ ಇರಲಿಲ್ಲ. ಬರ್ಮಾ ದೇಶ ಕೈಬಿಟ್ಟೊಡನೆ ಅಲ್ಲಿಂದ ದಕ್ಷಿಣ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು; ಧಾನ್ಯದ ಬೆಲೆ ಏರಿತು. ಉಳಿದಂತೆ ಯುದ್ಧವು ಮಾತಿನ ರೂಪದಲ್ಲಿ ಬಂದಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಪುಟ್ಟ ‘ಆಕಾಶವಾಣಿ’ ಕೇಂದ್ರವಿದ್ದ ಊರು ಅದು. ಆದರೆ ರೇಡಿಯೋ ಪೆಟ್ಟಿಗೆಯುಳ್ಳ ಮನೆಗಳು ಕೆಲವೇ ಆಗಿದ್ದವು. ಪತ್ರಿಕೆಗಳು ಯುದ್ಧಕಾಲದ ನಿರ್ಬಂಧಗಳಿಗೆ ಒಳಪಟ್ಟಿದ್ದವು. ಒಬ್ಬರು ಕೇಳಿದುದನ್ನು ಹತ್ತು ಮಂದಿ ಹೇಳಿದರು; ಹೇಳುವಾಗ ಪ್ರತಿಯೊಬ್ಬನೂ ತನ್ನದೊಂದು ಪಾಲನ್ನು ಸೇರಿಸಿದನು. ಸರ್ಕಾರದ ಮಾತನ್ನು ನಂಬಲಾರದ ಜನಕ್ಕೆ ವದಂತಿಯೇ ವಾರ್ತಾಪತ್ರಿಕೆಯಾದುದು ಸಹಜ. ಈ ತಪ್ಪನ್ನು ಜನರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸಿಂಗಪುರ ಎಂದೆಂದಿಗೂ ಬೀಳದ ಕೋಟೆ ಎಂದು ವರ್ಷಗಟ್ಟಲೆ ಸಾರಿದ ಸರ್ಕಾರವೇ ೧೯೪೨ರ ಫೆಬ್ರವರಿ ೧೫ರಂದು ಅದನ್ನು ಒಪ್ಪಿಸಿ ಕೈಕಟ್ಟಿ ನಿಂತಿತ್ತು.

ಈ ಭೀತಿಯ ನಡುವೆ ಎಲ್ಲರ ಮನಸ್ಸನ್ನು ತುಂಬಿದ್ದವನು ಜಪಾನಿನ ವೈಮಾನಿಕ. ಅವನು ಮನುಷ್ಯನಿಗಿಂತ ಮಿಗಿಲಾದವನು, ಅವನ ಗುರಿ ತಪ್ಪುವುದೇ ಇಲ್ಲ, ಅವನ ವಿಮಾನಕ್ಕೆ ಎದುರಿಲ್ಲ ಎಂದು ಜನ ನಂಬಿದರು. ಇಲ್ಲಿ ಗಮನಿಸಬೇಕಾದ ವಿಚಿತ್ರವೊಂದಿದೆ. ಇದಕ್ಕೆ ಆರು ತಿಂಗಳ ಹಿಂದೆ ಇದೇ ವೈಮಾನಿಕನು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸಿಂಗಪುರದ ಸೈನಿಕ ಕೂಟಗಳಲ್ಲಿಯೂ ಪರಿಹಾಸದ ವಸ್ತುವಾಗಿದ್ದನು.

ಆ ಪರಿಹಾಸದ ಮಾತುಗಳನ್ನು ಇಂದು ಓದಿದರೆ ನಗು ಬರುತ್ತದೆ. ಜಪಾನೀಯರಿಗೆ ದೃಷ್ಟಿ ಮಂದ, ಆದುದರಿಂದ ಅವರು ಗುರಿಯಿಟ್ಟು ಬಾಂಬು ಹಾಕಲಾರರು, ರಾತ್ರಿಯಲ್ಲಿ ಹಾರಲಾರರು ಎಂದರು ಕೆಲವರು. ಅವರ ವಿಮಾನಗಳೆಲ್ಲ ಪಾಶ್ಚಾತ್ಯ ವಿಮಾನಗಳ ಕಳಪೆ ನಕಲುಗಳು ಎಂದರು ಇನ್ನು ಕೆಲವರು. ಎಲ್ಲಕ್ಕಿಂತ ಸೊಗಸಾದುದು ಮತ್ತೊಂದು ವಾದ: ಜಪಾನಿನ ತಾಯಂದಿರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ದುಡಿಯುವುದರಿಂದ ಕೂಸಿನ ತಲೆ ಅತ್ತಿತ್ತ ಅಲುಗಿ, ಕಿವಿಯೊಳಗಿನ ಸಮತೋಲದ ಅಂಗ ಕೆಡುತ್ತದೆ, ಇಂಥವರು ಆಕಾಶದಲ್ಲಿ ನೆಟ್ಟಗೆ ಹಾರುವುದು ಹೇಗೆ? ಈ ತರ್ಕ ನಿಜವಾಗಿದ್ದರೆ ತಾಯಿಯ ಸೊಂಟದ ಮೇಲೆ ಕುಳಿತು ಬೆಳೆಯುವ ಕನ್ನಡನಾಡಿನ ಮಕ್ಕಳೆಲ್ಲ ಒಂದೇ ಪಕ್ಕಕ್ಕೆ ವಾಲಿಕೊಂಡು ನಡೆಯಬೇಕಾಗಿತ್ತು! ಇದನ್ನು ಹೇಳಿದವರು ಹಳ್ಳಿಯ ಮುಗ್ಧರಾಗಿರಲಿಲ್ಲ. ಓದಿದವರು, ಸೈನ್ಯದ ವಿಷಯದಲ್ಲಿ ತಿಳಿದವರೆಂದು ಹೆಸರಾದವರು.

ತಿಳಿದವರು ಇಂಥ ಮಾತನ್ನು ನಂಬಿದುದೇಕೆ? ನಂಬುವುದು ಅವರಿಗೆ ಅವಶ್ಯವಾಗಿತ್ತು. ಏಷ್ಯದ ಜನರು ಯಂತ್ರಗಳನ್ನು ಆಳಲಾರರು, ಆದುದರಿಂದ ಅವರನ್ನು ಯೂರೋಪಿನವರು ಆಳಬೇಕು ಎಂಬುದು ಸಾಮ್ರಾಜ್ಯದ ತಳಪಾಯದ ಕಲ್ಲುಗಳಲ್ಲೊಂದು. ಏಷ್ಯದ ಒಬ್ಬ ಯುವಕ ತಾನೇ ಕಟ್ಟಿದ ವಿಮಾನದಲ್ಲಿ ಕುಳಿತು ಇಂಗ್ಲಿಷ್ ವೈಮಾನಿಕನಿಗಿಂತ ಚೆನ್ನಾಗಿ ಹಾರಬಲ್ಲ ಎಂದು ಒಪ್ಪಿಕೊಂಡ ದಿನ ಆ ಕಲ್ಲು ಸಡಿಲವಾಗುತ್ತದೆ.

ನೋಡಬೇಕೆಂಬ ಮನಸ್ಸಿದ್ದವರಿಗೆ ಸಾಕ್ಷ್ಯದ ಕೊರತೆ ಇರಲಿಲ್ಲ. ೧೯೩೭ರಿಂದ ಚೀನಾದ ಆಕಾಶದಲ್ಲಿ ಜಪಾನಿನ ವಿಮಾನಗಳು ಯುದ್ಧ ಮಾಡುತ್ತಲೇ ಇದ್ದವು. ೧೯೪೦ರಲ್ಲಿ ‘ಝೀರೋ’ ಎಂದು ಪ್ರಸಿದ್ಧವಾದ ಹೊಸ ಯುದ್ಧವಿಮಾನ ಚುಂಗ್‌ಕಿಂಗ್ ನಗರದ ಬಳಿ ಕಾಣಿಸಿಕೊಂಡಿತು. ಚೀನಾದ ವಾಯುಪಡೆಗೆ ಸಲಹೆಗಾರನಾಗಿದ್ದ ಕ್ಲೇರ್ ಶೆನಾಲ್ಟ್ ಎಂಬ ಅಮೆರಿಕನ್ ಅಧಿಕಾರಿ ಅದರ ವೇಗ, ಏರುವ ಶಕ್ತಿ, ತಿರುಗುವ ಚಾತುರ್ಯಗಳನ್ನು ಕಂಡು ತನ್ನ ದೇಶಕ್ಕೆ ವರದಿ ಕಳುಹಿಸಿದನು. ಆ ವರದಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಮೈಸೂರಿನವರಿಗಂತೂ ಜಪಾನು ಅಪರಿಚಿತ ದೇಶವಾಗಿರಲಿಲ್ಲ. ಎಂ. ವಿಶ್ವೇಶ್ವರಯ್ಯನವರು ೧೮೯೮ರಷ್ಟು ಹಿಂದೆಯೇ ಆ ದೇಶವನ್ನು ಸುತ್ತಿ, ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಕಣ್ಣಾರೆ ಕಂಡು ಬಂದಿದ್ದರು. ೧೯೦೫ರಲ್ಲಿ ರಷ್ಯದಂಥ ದೊಡ್ಡ ರಾಜ್ಯವನ್ನು ಜಪಾನು ಸೋಲಿಸಿದಾಗ ಏಷ್ಯದ ಉದ್ದಗಲಕ್ಕೂ ಜನ ಬೆರಗಾಗಿದ್ದರು. ಒಂದೇ ತಲೆಮಾರಿನಲ್ಲಿ ಜಪಾನು ಮಾಡಿದುದನ್ನು ಮೈಸೂರು ಏಕೆ ಮಾಡಬಾರದು ಎಂಬ ಪ್ರಶ್ನೆ ಸಂಸ್ಥಾನದ ಅಭಿವೃದ್ಧಿಯ ಹಿಂದೆ ಕೆಲಸ ಮಾಡಿತ್ತು. ಆದುದರಿಂದ ಜಪಾನೀಯನು ಯಂತ್ರವನ್ನು ಅರಿಯದವನೆಂಬ ಮಾತು ಇಲ್ಲಿ ಸುಲಭವಾಗಿ ಬೇರೂರುವಂತಿರಲಿಲ್ಲ. ಇಲ್ಲಿ ಅಪಾಯವಿದ್ದುದು ಇನ್ನೊಂದು ಕಡೆಗೆ.

೧೯೪೧ರ ಡಿಸೆಂಬರ್ ೭ರಂದು ಪರ್ಲ್ ಹಾರ್ಬರಿನ ಮೇಲೆ ದಾಳಿ ನಡೆಯಿತು. ಮೂರು ದಿನಗಳ ಬಳಿಕ, ಮಲಯದ ಕರಾವಳಿಯಾಚೆ, ಬ್ರಿಟನ್ನಿನ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ಎಂಬ ಎರಡು ಮಹಾನೌಕೆಗಳನ್ನು ಜಪಾನಿನ ವಿಮಾನಗಳು ಕೆಲವೇ ಗಂಟೆಗಳಲ್ಲಿ ಮುಳುಗಿಸಿದವು. ತೆರೆದ ಕಡಲಿನಲ್ಲಿ ಚಲಿಸುತ್ತ, ಎದುರು ಗುಂಡು ಹಾರಿಸುತ್ತ ಇದ್ದ ಅಂಥ ಹಡಗುಗಳು ಬರಿಯ ವಿಮಾನಗಳಿಂದ ನಾಶವಾದುದು ಅದೇ ಮೊದಲು. ಎಂಟುನೂರಕ್ಕೂ ಹೆಚ್ಚು ಮಂದಿ ನಾವಿಕರು ಮಡಿದರು. ಆಗಲೂ ಕೆಲವರು ಸತ್ಯವನ್ನು ಒಪ್ಪಲೊಲ್ಲದೆ, ಆ ವಿಮಾನಗಳನ್ನು ನಡೆಸುತ್ತಿದ್ದವರು ಜರ್ಮನರೇ ಇರಬೇಕೆಂದು ಹೇಳಿ ಸಮಾಧಾನಪಟ್ಟುಕೊಂಡರು. ಆ ಸಮಾಧಾನ ಬಹಳ ಕಾಲ ನಿಲ್ಲಲಿಲ್ಲ. ಮಂದದೃಷ್ಟಿಯವನೆಂದು ಹೀಯಾಳಿಸಿಕೊಂಡವನು ಕೆಲವೇ ವಾರಗಳಲ್ಲಿ ಅಜೇಯನಾದನು.

ಡಿಸೆಂಬರ್ ೨೩ರಂದು ರಂಗೂನಿನ ಮೇಲೆ ನಡೆದ ಮೊದಲ ದಾಳಿಯ ಕಥೆ ಇನ್ನೂ ದಾರುಣವಾದುದು. ಆ ನಗರದ ನಿವಾಸಿಗಳಲ್ಲಿ ಭಾರತೀಯರೇ ಹೆಚ್ಚು. ಬಂದರಿನಲ್ಲಿ ಮೂಟೆ ಹೊರುವವರಿಂದ ಕಚೇರಿಯ ಗುಮಾಸ್ತರವರೆಗೆ. ವಿಮಾನಗಳು ಬಂದಾಗ ಜನ ಕಂದಕಗಳಿಗೆ ಇಳಿಯಲಿಲ್ಲ. ಬೀದಿಯಲ್ಲಿ ನಿಂತು, ತಲೆಯೆತ್ತಿ, ಬಿಸಿಲಿನಲ್ಲಿ ಮಿನುಗುವ ರೆಕ್ಕೆಗಳನ್ನು ಜಾತ್ರೆಯ ನೋಟವೆಂಬಂತೆ ನೋಡಿದರು. ಬಾಂಬುಗಳು ಆ ಗುಂಪುಗಳ ನಡುವೆ ಬಿದ್ದವು. ಸಾವಿರಕ್ಕೂ ಮೀರಿದ ಜನ ಒಂದು ಹಗಲಿನಲ್ಲಿ ಸತ್ತರು. ಅನಂತರ ಲಕ್ಷಗಟ್ಟಲೆ ಭಾರತೀಯರು ಕಾಡುಬೆಟ್ಟಗಳ ದಾರಿಯಲ್ಲಿ ನಡೆದು ತಾಯ್ನಾಡಿಗೆ ಹೊರಟರು. ಎಷ್ಟೋ ಮಂದಿ ದಾರಿಯಲ್ಲೇ ಉಳಿದರು. ತಲುಪಿದವರು ತಂದ ಕಥೆಗಳಿಂದಲೇ ಭಾರತದ ಊರೂರುಗಳಲ್ಲಿ ಜಪಾನಿನ ವೈಮಾನಿಕನ ಚಿತ್ರ ಮೂಡಿದುದು. ಅವನ ಗುರಿಯನ್ನು ಕುರಿತ ಮಾತಿನಲ್ಲಿ ಅತಿಶಯೋಕ್ತಿ ಇತ್ತೇ? ಏಪ್ರಿಲ್ ೫ರಂದು ಸಿಂಹಳದ ದಕ್ಷಿಣದ ಕಡಲಿನಲ್ಲಿ ‘ಕಾರ್ನ್‌ವಾಲ್’ ಮತ್ತು ‘ಡಾರ್ಸೆಟ್‌ಶೈರ್’ ಎಂಬ ಎರಡು ಯುದ್ಧನೌಕೆಗಳನ್ನು ಮುಳುಗಿಸಲು ಆ ವೈಮಾನಿಕರಿಗೆ ಬೇಕಾದುದು ಸುಮಾರು ಇಪ್ಪತ್ತು ನಿಮಿಷ. ಅವನ ನೈಪುಣ್ಯ ಕಟ್ಟುಕಥೆಯಾಗಿರಲಿಲ್ಲ.

ಆದರೆ ನೈಪುಣ್ಯ ಬೇರೆ, ಅಜೇಯತೆ ಬೇರೆ. ಝೀರೋ ವಿಮಾನ ಅಷ್ಟು ಚುರುಕಾಗಿದ್ದುದು ಅದು ಬಹಳ ಹಗುರವಾಗಿದ್ದುದರಿಂದ. ಹಗುರವಾಗಿಸಲು ವೈಮಾನಿಕನ ಬೆನ್ನಿಗೆ ರಕ್ಷಣೆಯ ಉಕ್ಕಿನ ಫಲಕವನ್ನು ಇಟ್ಟಿರಲಿಲ್ಲ. ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನದ ತೊಟ್ಟಿಯೂ ಇರಲಿಲ್ಲ. ಒಂದೆರಡು ಗುಂಡು ಸರಿಯಾದ ಕಡೆಗೆ ತಾಗಿದರೆ ಅದು ಉರಿದುಹೋಗುತ್ತಿತ್ತು. ಶೆನಾಲ್ಟನು ಇದನ್ನು ತಿಳಿದು, ಜಪಾನಿನ ವಿಮಾನದೊಡನೆ ತಿರುಗುವ ಆಟಕ್ಕೆ ಇಳಿಯಬೇಡಿ, ಎತ್ತರದಿಂದ ಎರಗಿ ಹೊಡೆದು ಮುಂದೆ ಸಾಗಿಬಿಡಿ ಎಂದು ತನ್ನ ದಳದವರಿಗೆ ಕಲಿಸಿದನು. ಆ ದಳದವರು ರಂಗೂನಿನ ಮೇಲೆ ಹಾರಿದಾಗ ಈ ಪಾಠ ಫಲ ಕೊಟ್ಟಿತು. ೧೯೪೨ರ ಜೂನಿನಲ್ಲಿ ಅಲ್ಯೂಷಿಯನ್ ದ್ವೀಪವೊಂದರ ಕೆಸರಿನಲ್ಲಿ ಬಿದ್ದ ಝೀರೋ ಒಂದು ಹೆಚ್ಚು ಮುರಿಯದೆ ಅಮೆರಿಕನರ ಕೈಗೆ ಸಿಕ್ಕಿತು. ಅವರು ಅದನ್ನು ದುರಸ್ತಿ ಮಾಡಿ, ಹಾರಿಸಿ, ಅದರ ಗುಣದೋಷಗಳನ್ನು ಒಂದೊಂದಾಗಿ ಬರೆದುಕೊಂಡರು. ಬೆನ್ನಿನ ಕೂಸಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಅಜೇಯತೆಯ ಸಿದ್ಧಾಂತವೂ ಮುಗಿಯಿತು.

ವೈಮಾನಿಕರ ವಿಷಯದಲ್ಲಿಯೂ ಹೀಗೆಯೇ. ಜಪಾನಿನ ನೌಕಾಪಡೆ ಬಹಳ ಮಂದಿಯಲ್ಲಿ ಕೆಲವರನ್ನೇ ಆರಿಸಿ, ದೀರ್ಘಕಾಲ ಕಠಿಣವಾದ ತರಬೇತಿ ಕೊಡುತ್ತಿತ್ತು. ಅಂಥವರು ಅಸಾಧಾರಣರಾದುದು ಆಶ್ಚರ್ಯವಲ್ಲ. ಆದರೆ ಅವರ ಸ್ಥಾನವನ್ನು ತುಂಬಲು ಹಿಂದೆ ಸಾಲು ನಿಂತಿರಲಿಲ್ಲ. ೧೯೪೨ರ ಜೂನಿನಲ್ಲಿ ಮಿಡ್‌ವೇ ಬಳಿ ನಾಲ್ಕು ವಿಮಾನವಾಹಕ ಹಡಗುಗಳು ಮುಳುಗಿದವು. ಅನಂತರ ಸಾಲೊಮನ್ ದ್ವೀಪಗಳ ಮೇಲೆ ತಿಂಗಳುಗಟ್ಟಲೆ ನಡೆದ ಕಾದಾಟದಲ್ಲಿ ನುರಿತವರು ಒಬ್ಬೊಬ್ಬರಾಗಿ ಅಳಿದರು. ಭಾರತದಲ್ಲಿ ಜನ ಅವನನ್ನು ಕುರಿತು ನಡುಗುತ್ತಿದ್ದ ದಿನಗಳಲ್ಲಿಯೇ ಅವನ ಸಂಖ್ಯೆ ಕರಗುತ್ತಿತ್ತು.

ಈ ಕಾಲದಲ್ಲಿ ಮೈಸೂರು ಮಾಡಿದ ಎರಡು ಕಾರ್ಯಗಳನ್ನು ಜೊತೆಯಲ್ಲಿಟ್ಟು ನೋಡುವುದು ಉಚಿತ. ಮೊದಲನೆಯದು, ಬ್ರಿಟನ್ನಿನ ವಾಯುಪಡೆಗೆ ಕೊಟ್ಟ ಹಣ. ಅದರ ಗೌರವಾರ್ಥವಾಗಿ ೧೯೪೧ರ ಜೂನಿನಲ್ಲಿ ಪುನಃ ರೂಪುಗೊಂಡ ೧೨೯ನೆಯ ದಳಕ್ಕೆ ‘ಮೈಸೂರು’ ಎಂಬ ಹೆಸರನ್ನಿಟ್ಟರು. ಸ್ಪಿಟ್‌ಫೈರ್ ವಿಮಾನಗಳ ಆ ದಳದ ಲಾಂಛನ ಮೈಸೂರಿನ ಗಂಡಭೇರುಂಡ. ಅರಮನೆಯ ಲಾಂಛನದ ಹಕ್ಕಿ ಇಂಗ್ಲೆಂಡಿನ ಆಕಾಶವನ್ನು ಕಾಯಿತೆಂಬುದು ಹೆಮ್ಮೆಯ ಸಂಗತಿಯೆಂದು ಅಂದು ಹಲವರು ಭಾವಿಸಿರಬಹುದು. ಆದರೆ ಮರುವರ್ಷ ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಾಗ ಅದನ್ನು ಕಾಯಲು ಎಷ್ಟು ಯುದ್ಧವಿಮಾನಗಳಿದ್ದವು ಎಂದು ಕೇಳಿದರೆ ಆ ಹೆಮ್ಮೆ ಕುಗ್ಗುತ್ತದೆ. ಪರಾಧೀನ ದೇಶದ ದಾನಕ್ಕೆ ಇಂಥ ಗತಿ ಬರುವುದುಂಟು.

ಎರಡನೆಯದು ಬೇರೆ ಬಗೆಯದು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಭಾರತದಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಬೇಕೆಂದು ಹೊರಟಾಗ ದೆಹಲಿಯ ಸರ್ಕಾರ ಉತ್ಸಾಹ ತೋರಲಿಲ್ಲ. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅವರನ್ನು ಮೈಸೂರು ಸಂಸ್ಥಾನಕ್ಕೆ ಬರಮಾಡಿಕೊಂಡರು. ಬೆಂಗಳೂರಿನ ಹೊರಗೆ ಏಳುನೂರು ಎಕರೆ ನೆಲವನ್ನೂ ಇಪ್ಪತ್ತೈದು ಲಕ್ಷ ರೂಪಾಯಿಗಳ ಬಂಡವಾಳವನ್ನೂ ಸಂಸ್ಥಾನ ಒದಗಿಸಿತು. ೧೯೪೦ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿದ ಅಮೆರಿಕದ ವಿಲಿಯಂ ಪಾಲಿಯ ಕಂಪನಿಯೇ ರಂಗೂನಿನಲ್ಲಿ ಶೆನಾಲ್ಟನ ದಳದ ವಿಮಾನಗಳನ್ನು ಜೋಡಿಸಿಕೊಟ್ಟಿತೆಂಬುದು ಇಲ್ಲಿ ನೆನೆಯತಕ್ಕ ವಿಷಯ. ೧೯೪೧ರ ಆಗಸ್ಟಿನಲ್ಲಿ ಕಾರ್ಖಾನೆಯ ಮೊದಲ ವಿಮಾನವಾದ ಹಾರ್ಲೊ ತರಬೇತಿ ವಿಮಾನ ಹಾರಿತು. ೧೯೪೨ರ ಜುಲೈಯಲ್ಲಿ ಹಾಕ್ ಎಂಬ ಯುದ್ಧವಿಮಾನ ಹಾರಿತು. ನಿಜ ಹೇಳಬೇಕಾದರೆ ಆ ಹಾಕ್ ವಿಮಾನ ಝೀರೋವಿನ ಎದುರು ಬಹಳ ಹೊತ್ತು ನಿಲ್ಲುವಂಥದಾಗಿರಲಿಲ್ಲ. ಅದರ ಕಾಲ ಆಗಲೇ ಮುಗಿದಿತ್ತು. ಕಾರ್ಖಾನೆಯ ಬೆಲೆ ಅದು ಮಾಡಿದ ವಿಮಾನಗಳ ಸಂಖ್ಯೆಯಲ್ಲಿಲ್ಲ. ನೇಗಿಲು, ಗಾಡಿ, ಕುಲುಮೆಗಳ ಪರಿಚಯವಿದ್ದ ಕೈಗಳು ರೆಕ್ಕೆಯ ತಗಡನ್ನು ಬಡಿದು ಕೂಡಿಸಲು ಕಲಿತವು. ಜಪಾನಿನ ಯುವಕ ಹೇಗೆ ಹಾರುತ್ತಾನೆಂಬುದು ಆ ಕೈಗಳಿಗೆ ಇನ್ನು ಪವಾಡವಾಗಿ ಉಳಿಯುವಂತಿರಲಿಲ್ಲ.

ಅದೇ ಏಪ್ರಿಲಿನಲ್ಲಿ, ಜಪಾನಿನ ದಾಳಿಯ ಭಯದ ನಡುವೆ, ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. ವಾಲ್‌ಚಂದರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಮೈಸೂರು ಮಾತ್ರ ತನ್ನ ಪಾಲನ್ನು ಮಾರಲಿಲ್ಲ. ಯುದ್ಧ ಮುಗಿಯುವವರೆಗೆ ಆಡಳಿತದಿಂದ ದೂರ ಉಳಿಯಲು ಒಪ್ಪಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು.

ಭೀತಿಗೆ ವಿರುದ್ಧವಾದ ಇನ್ನೊಂದು ಭಾವವೂ ಅಂದು ಇತ್ತು. ಅದನ್ನು ಮರೆಮಾಚಿದರೆ ಕಥೆ ಅರ್ಧವಾಗುತ್ತದೆ. ತಮ್ಮನ್ನು ಆಳುವವರ ಗರ್ವವನ್ನು ಏಷ್ಯದವನೊಬ್ಬ ಮುರಿದನೆಂದು ಅನೇಕ ತರುಣರು ಒಳಗೊಳಗೇ ಹಿಗ್ಗಿದರು. ಜಪಾನಿನ ವಿಮಾನ ಬರುವುದಾದರೆ ಸ್ವಾತಂತ್ರ್ಯವನ್ನೂ ಹೊತ್ತು ತಂದೀತೆಂದು ನೆಚ್ಚಿದವರೂ ಇದ್ದರು. ಅವಮಾನದಲ್ಲಿ ಬೆಳೆದವರ ಈ ಹಿಗ್ಗನ್ನು ಕ್ಷಮಿಸಬಹುದು. ಆದರೆ ಒಪ್ಪುವುದು ಕಷ್ಟ. ಚುಂಗ್‌ಕಿಂಗ್‌ನಲ್ಲಿ ವರ್ಷಗಟ್ಟಲೆ ಬಾಂಬಿನಡಿ ಬದುಕಿದವರು ಏಷ್ಯದವರೇ. ರಂಗೂನಿನ ಬೀದಿಯಲ್ಲಿ ತಲೆಯೆತ್ತಿ ನಿಂತಿದ್ದವರು ಭಾರತೀಯರೇ. ೧೯೩೮ರಲ್ಲಿ ಕವಿ ರವೀಂದ್ರರು ಜಪಾನಿನ ಕವಿ ನೊಗುಚಿಗೆ ಪತ್ರ ಬರೆದು ಚೀನಾದ ಮೇಲಿನ ದಾಳಿಯನ್ನು ಖಂಡಿಸಿದ್ದರು. ಅದೇ ವರ್ಷ ಭಾರತದಿಂದ ಚೀನಾಕ್ಕೆ ಹೊರಟ ಐವರು ವೈದ್ಯರಲ್ಲಿ ಒಬ್ಬರು ಕನ್ನಡ, ಮರಾಠಿ, ತೆಲುಗುಗಳು ಬೆರೆತ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರು. ಗಾಯಗೊಂಡವರ ಸೇವೆಯಲ್ಲಿ ದೇಹವನ್ನು ಸವೆಸಿ, ೧೯೪೨ರ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಆ ತಂಡವನ್ನು ಕಳುಹಿಸಿದಾಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಸುಭಾಷ್ ಚಂದ್ರ ಬೋಸರು. ಮುಂದೆ ಜಪಾನಿನ ನೆರವನ್ನು ಪಡೆದವರೂ ಅವರೇ. ಚರಿತ್ರೆಯ ಇಂಥ ತೊಡಕುಗಳು ಒಂದೇ ಮಾತಿನಿಂದ ಬಿಡಿಸಲು ಬರುವಂಥವಲ್ಲ. ಗಾಂಧೀಜಿಯವರು ಕ್ವಿಟ್ ಇಂಡಿಯಾ ಚಳವಳಿಯ ಹೊಸ್ತಿಲಲ್ಲಿ, ೧೯೪೨ರ ಜುಲೈಯಲ್ಲಿ, ಜಪಾನಿನ ಪ್ರಜೆಗಳನ್ನು ಉದ್ದೇಶಿಸಿ ಬಹಿರಂಗ ಪತ್ರ ಬರೆದರು. ಬ್ರಿಟಿಷರು ತೊಲಗಬೇಕೆಂಬವರು ಜಪಾನನ್ನು ಸ್ವಾಗತಿಸುತ್ತಾರೆಂದು ತಿಳಿಯಬೇಡಿ ಎಂಬುದು ಅದರ ತಾತ್ಪರ್ಯ. ಆ ದಿನಗಳ ಗದ್ದಲದಲ್ಲಿ ಇಷ್ಟು ನೆಟ್ಟಗೆ ನೋಡಿದ ಕಣ್ಣುಗಳು ಹೆಚ್ಚಿರಲಿಲ್ಲ.

೧೯೪೪ರ ಅಕ್ಟೋಬರಿನಿಂದ ಜಪಾನಿನ ವೈಮಾನಿಕನ ಚಿತ್ರ ಮತ್ತೊಮ್ಮೆ ಬದಲಾಯಿತು. ಬಾಂಬು ಹೊತ್ತ ವಿಮಾನವನ್ನು ಹಡಗಿನ ಮೇಲೆ ತಾನೇ ಅಪ್ಪಳಿಸಿ ಸಾಯುವ ‘ಕಾಮಿಕಾಜೆ’ ದಳಗಳನ್ನು ಕಂಡು ಜಗತ್ತು ಅವನನ್ನು ಮತಿಗೆಟ್ಟವನೆಂದು ಕರೆಯಿತು. ಅಸಲು ಸಂಗತಿ ಅದಕ್ಕಿಂತ ದುಃಖಕರವಾದುದು. ನುರಿತವರು ತೀರಿಹೋಗಿದ್ದರು. ಉಳಿದವರು ಹೆಚ್ಚಾಗಿ ಎಳೆಯರು. ಅವರಲ್ಲಿ ಎಷ್ಟೋ ಮಂದಿ ೧೯೪೩ರ ಬಳಿಕ ವಿಶ್ವವಿದ್ಯಾಲಯದ ಪಾಠಶಾಲೆಗಳಿಂದ ಸೈನ್ಯಕ್ಕೆ ಸೆಳೆಯಲ್ಪಟ್ಟ ವಿದ್ಯಾರ್ಥಿಗಳು. ಏರುವುದು, ಹಾರುವುದು ಕಲಿಯುವಷ್ಟರಲ್ಲಿ ಅವರ ತರಬೇತಿ ಮುಗಿಯುತ್ತಿತ್ತು. ಇಳಿಯುವುದು ಅವರಿಗೆ ಬೇಕಾಗಿರಲಿಲ್ಲ. ಹೀಗೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರು ತಾಯ್ತಂದೆಗಳಿಗೆ ಬರೆದ ಪತ್ರಗಳು ಯುದ್ಧಾನಂತರ ಪ್ರಕಟವಾದಾಗ, ಹಗೆಯ ಆ ಮುಖವಾಡದ ಹಿಂದೆ ಪುಸ್ತಕ ಓದುವ, ತಂಗಿಯನ್ನು ನೆನೆಯುವ, ಸಾವಿಗೆ ಅಂಜುವ ಹುಡುಗರಿದ್ದುದು ತಿಳಿಯಿತು. ಅಷ್ಟು ಹೊತ್ತಿಗೆ ಜಪಾನಿನ ನಗರಗಳೇ ಬಾಂಬಿನ ಬೆಂಕಿಯಲ್ಲಿ ಬೂದಿಯಾಗಿದ್ದವು.

ಬೆಂಗಳೂರಿನ ಕಾರ್ಖಾನೆ ೧೯೪೩ರಿಂದ ಅಮೆರಿಕದ ವಾಯುಪಡೆಯ ಉಸ್ತುವಾರಿಯಲ್ಲಿ ಮಿತ್ರಪಕ್ಷದ ವಿಮಾನಗಳನ್ನು ದುರಸ್ತಿ ಮಾಡಿತು. ಸಾವಿರಾರು ಕೆಲಸಗಾರರು ಹಗಲಿರುಳು ದುಡಿದರು. ಯುದ್ಧ ಮುಗಿದ ಮೇಲೆ ಅಲ್ಲಿ ರೈಲ್ವೆಯ ಬೋಗಿಗಳನ್ನು ಕಟ್ಟಿದರು. ೧೯೫೧ರಲ್ಲಿ ಆ ಕಾರ್ಖಾನೆಯ ಮೈದಾನದಿಂದ ಡಾ. ವಿ. ಎಂ. ಘಾಟಗೆಯವರು ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಎಚ್‌.ಟಿ.-೨ ಎಂಬ ವಿಮಾನ ಮೇಲೇರಿತು. ಅದು ಯುದ್ಧವಿಮಾನವಲ್ಲ. ಮೊದಲ ಬಾರಿಗೆ ಹಾರಲು ಕಲಿಯುವವನು ಒಂದು ಪೀಠದಲ್ಲಿ, ಕಲಿಸುವವನು ಇನ್ನೊಂದು ಪೀಠದಲ್ಲಿ ಕುಳಿತುಕೊಳ್ಳುವ ಎರಡು ಆಸನಗಳ ವಿಮಾನ.